ಬಲಗಿವಿಯ ಪಾಲು

ನಾನೂ ನಮ್ಮ ಅತ್ತಿಗೆಯೂ ಆರು ವರ್ಷ ಒಂದೇ ಇಯರ್‌ಫೋನಿನಲ್ಲಿ ಹಾಡು ಕೇಳಿದವರು. ಎಡಗಡೆಯ ತುದಿ ನನ್ನ ಕಿವಿಗೆ, ಬಲಗಡೆಯದು ಅವರ ಕಿವಿಗೆ. ನೋಡಿದವರು, ಅತ್ತಿಗೆ ನಾದಿನಿ ಎಂದರೆ ಹೀಗಿರಬೇಕು ಅನ್ನುತ್ತಿದ್ದರು. ನಿಜ ಹೇಳಬೇಕೆಂದರೆ ಮೊದಲ ವರ್ಷ ಅದರಲ್ಲಿ ಪ್ರೀತಿ ಗೀತಿ ಏನೂ ಇರಲಿಲ್ಲ. ಇದ್ದದ್ದು ಒಂದು ಫೋನು, ಒಂದು ತಂತಿ, ಎರಡು ತಲೆ.

ನಮ್ಮದು ಪುಸ್ತಕ ಹೊಲಿಯುವ ಕೆಲಸ. ಅಚ್ಚಾಗಿ ಬಂದ ದೊಡ್ಡ ಹಾಳೆಯನ್ನು ಮಡಿಚಿದರೆ ಹದಿನಾರು ಪುಟದ ಒಂದು ಫಾರಂ ಆಗುತ್ತದೆ. ಅಂಥ ಫಾರಂಗಳನ್ನು ಒಂದರ ಮೇಲೊಂದು ಜೋಡಿಸಿ ಬೆನ್ನಿಗೆ ಸೂಜಿ ಹಾಕುವುದು ನಮ್ಮ ಪಾಲಿನದು. ಆಮೇಲೆ ಅಂಟು, ರಟ್ಟು, ಕೊನೆಗೆ ಅಂಚು ಕತ್ತರಿಸುವುದು ಬೇರೆಯವರ ಪಾಲಿನದು. ದಾರಕ್ಕೆ ಮೇಣ ಉಜ್ಜಿರುತ್ತೇವಾದ್ದರಿಂದ ಎಳೆದಾಗ ಸುರ್ರ್ ಅನ್ನುತ್ತದೆ. ಅತ್ತಿಗೆಯ ಕೈಗೆ ಒಂದು ವರಸೆಯಿತ್ತು. ಎರಡು ಉದ್ದ ಎಳೆತ, ಕೊನೆಗೊಂದು ಪುಟ್ಟ ಜಗ್ಗು. ಸುರ್ರ್, ಸುರ್ರ್, ಟಕ್. ನೂರು ಜನ ಹೊಲಿಯುತ್ತಿದ್ದರೂ ಕಣ್ಣು ಮುಚ್ಚಿಕೊಂಡು ಇದು ಅತ್ತಿಗೆ ಅಂತ ತೋರಿಸಿಬಿಡಬಹುದಿತ್ತು.

ನಾವು ಕೂರುತ್ತಿದ್ದದ್ದು ಉದ್ದನೆಯ ಒಂದು ಬೆಂಚಿನ ಮೇಲೆ. ಅದರ ಬಲತುದಿ ಗೋಡೆಗೆ ತಾಗಿತ್ತು. ಗೋಡೆಯ ಕಡೆ ಅತ್ತಿಗೆ, ಈಚೆ ನಾನು. ನಮ್ಮಿಬ್ಬರ ಮುಂದೆ ಮೇಜು, ನಡುವೆ ಫೋನು. ಅತ್ತಿಗೆಯದು ಬಟನ್ ಫೋನು. ತಿಂಗಳಿಗೊಮ್ಮೆ ರೀಚಾರ್ಜ್ ಅಂಗಡಿಗೆ ಹೋಗಿ ಅದರ ಮೆಮೊರಿ ಕಾರ್ಡಿಗೆ ಹೊಸ ಹಾಡು ತುಂಬಿಸಿಕೊಂಡು ಬರುತ್ತಿದ್ದೆವು. ಹತ್ತು ಹಾಡು ಅವರ ಆಯ್ಕೆ, ಹತ್ತು ನನ್ನದು, ಎರಡು ಅಂಗಡಿಯವನ ಸಂತೋಷಕ್ಕೆ.

ಕತ್ತರಿಸುವ ಯಂತ್ರದ ಮುಂದೆ ನಿಲ್ಲುತ್ತಿದ್ದವರನ್ನು ಎಲ್ಲರೂ ಬ್ಲೇಡಣ್ಣ ಅನ್ನುತ್ತಿದ್ದರು. ಯಂತ್ರದಿಂದ ಬಂದ ಹೆಸರು ಅಂತ ಅವರು ತಿಳಿದಿದ್ದರು. ಕೊರೆಯುವ ಅವರ ಮಾತಿನಿಂದ ಬಂದದ್ದು ಅಂತ ನಮಗೆ ಗೊತ್ತಿತ್ತು. ದಿನಾ ಬೆಳಗ್ಗೆ ಬಂದು ಬಗ್ಗಿ ಕೇಳುವರು.

"ಏನ್ರಮ್ಮಾ, ಇವತ್ತು ಕಿವಿಗೆ ಏನು ಬಡಿಸ್ಕೊಂಡಿದ್ದೀರಿ?"

"ದೋಣಿ ಹಾಡು ಬ್ಲೇಡಣ್ಣ. ಹೊಸದು."

"ಅದಾ? ಆ ಹಾಡುಗಾರಂಗೆ ನೆಗಡಿ. ನಮ್ಮ ಕಾಲದಲ್ಲಿ ನೆಗಡಿ ಬಂದ್ರೆ ರಜ ಹಾಕೋರು, ಹಾಡ್ತಿರ್ಲಿಲ್ಲ."

ನಮಗೆ ಒಂದು ವಿಷಯ ಹೇಳಿಕೊಟ್ಟವರು ಮಾತ್ರ ಅವರೇ. ರೆಕಾರ್ಡ್ ಮಾಡುವಾಗ ಕೆಲವು ವಾದ್ಯವನ್ನು ಎಡಕ್ಕೂ ಕೆಲವನ್ನು ಬಲಕ್ಕೂ ಇಡುತ್ತಾರಂತೆ. "ನೀವಿಬ್ರೂ ಕೇಳ್ತಿರೋದು ಅರ್ಧರ್ಧ ಹಾಡು. ಒಬ್ಬರಿಗೆ ಚಕ್ರ, ಇನ್ನೊಬ್ಬರಿಗೆ ಗಾಡಿ" ಅಂದರು.

ಅವತ್ತಿನಿಂದ ನಮಗೆ ಒಂದು ಪದ್ಧತಿಯಾಯಿತು. ಹಾಡು ಮುಗಿದ ಕೂಡಲೇ ಅತ್ತಿಗೆ ಸೂಜಿ ನಿಲ್ಲಿಸಿ ಕೇಳುವರು, "ಪುಟ್ಟೀ, ನಿನ್ನ ಕಡೆ ಏನು ಬಂತು?" ನನಗೆ ಆಗ ನಲವತ್ತು ದಾಟಿತ್ತು. ಆದರೂ ಅವರಿಗೆ ಪುಟ್ಟಿಯೇ. ನಾನು ನನ್ನ ಕಡೆಯದನ್ನು ಹೇಳುವುದು, ಅವರು ಅವರ ಕಡೆಯದನ್ನು ಹೇಳುವುದು, ಎರಡನ್ನೂ ಸೇರಿಸಿ ಹೊಲಿದರೆ ಹಾಡು ಪೂರ್ತಿ.

ನನ್ನ ಕಡೆ ಬರುತ್ತಿದ್ದದ್ದು ಹಾಡು, ತಬಲ, ಗಿಟಾರು. ಎಲ್ಲರಿಗೂ ಬರುವಂಥದ್ದು. ಅತ್ತಿಗೆಯ ಕಡೆ ಮಾತ್ರ ಏನೇನೋ.

"ನನ್ನ ಕಡೆ ಹಾಡಿನ ಹಿಂದೆ ಎಲ್ಲೋ ದೂರದಲ್ಲಿ ಬಾಗಿಲು ತೆಗೆದ್ರು ಕಣೇ. ಕಿರ್ರ್ ಅಂತು."

"ಸ್ಟುಡಿಯೋ ಬಾಗಿಲಿರ್ಬೇಕು."

"ಇರ್ಬೇಕು. ಎಣ್ಣೆ ಹಾಕೋಕೆ ಗತಿಯಿಲ್ವಾ ಅವ್ರಿಗೆ?"

ಕೆಲವು ತಿಂಗಳಾದ ಮೇಲೆ, "ಯಾರೋ ನಡ್ಕೊಂಡು ಬಂದ್ರು. ಒದ್ದೆ ಚಪ್ಪಲಿ. ಚಪ್ ಚಪ್ ಅಂತಿತ್ತು." ಮತ್ತೆಷ್ಟೋ ತಿಂಗಳ ಮೇಲೆ, "ಯಾರೋ ಕುರ್ಚಿ ಎಳೆದ್ರು." ಅದಾದ ಮೇಲೆ ಒಮ್ಮೆ, "ಹೆಂಗಸು ಕಣೇ. ಗಂಟಲು ಸರಿ ಮಾಡ್ಕೊಂಡ್ಲು. ಹಾಡ್ತಾಳೇನೋ ಅಂದ್ಕೊಂಡೆ, ಸುಮ್ನೆ ಕೂತ್ಲು."

ನನಗೆ ಹೊಟ್ಟೆಕಿಚ್ಚು. ಆ ಬಲಗಿವಿಯಲ್ಲಿ ಒಂದು ಲೋಕವೇ ನಡೆಯುತ್ತಿದೆ, ನನ್ನ ಎಡಗಿವಿಗೆ ಬರೀ ಡಬ್ ಡಬ್. "ಒಂದಿನ ಅದಲು ಬದಲು ಮಾಡ್ಕೊಳೋಣ ಅತ್ತಿಗೆ" ಅಂದೆ. ಮೊದಲೆಲ್ಲ ನಗುತ್ತಿದ್ದರು, "ನಿನ್ನ ಪಾಲು ನಿನಗೆ, ನನ್ನ ಪಾಲು ನನಗೆ." ಐದನೇ ವರ್ಷ ಒಮ್ಮೆ ಅವರು ನೀರು ಕುಡಿಯಲು ಎದ್ದಾಗ ನಾನು ಆ ತುದಿಯತ್ತ ಕೈ ಚಾಚಿದೆ. ಲೋಟ ಅಲ್ಲೇ ಇಟ್ಟು ಓಡಿಬಂದು ನನ್ನ ಕೈಯ ಮೇಲೆ ಒಂದು ಕೊಟ್ಟರು. ನಿಜವಾದ ಏಟು. ನಮ್ಮ ಅಣ್ಣನನ್ನು ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಅವರು ನನ್ನ ಮೇಲೆ ಕೈ ಎತ್ತಿದ್ದು ಅದೊಂದೇ ಸಲ.

ಅಲ್ಲಿಂದ ಮುಂದೆ ಅವರ ಕಡೆ ಬಾಗಿಲು, ಚಪ್ಪಲಿ, ಕುರ್ಚಿ ಯಾವುದೂ ಬರಲಿಲ್ಲ. ಕೊಳಲು ಬಂತು. ಯಾವ ಹಾಡಿಗೆ ಕೇಳಿದರೂ, "ಕೊಳಲು ಬಂತು ಕಣೇ. ಚೆನ್ನಾಗಿತ್ತು."

"ಇದೇನು ಅತ್ತಿಗೆ, ಎಲ್ಲ ಹಾಡಿಗೂ ಕೊಳಲಾ? ನಿಮ್ಮ ಕಡೆಯವನಿಗೆ ಬೇರೆ ಕೆಲಸ ಇಲ್ವಾ?"

"ಪಾಪ, ಊದ್ಲಿ ಬಿಡು."

ಇನ್ನೊಂದು ಅಭ್ಯಾಸವೂ ಶುರುವಾಯಿತು. ಹೊಲಿಯುತ್ತಾ ಹೊಲಿಯುತ್ತಾ ನನ್ನತ್ತ ಸರಿದು ಸರಿದು ಬರುವರು. ಮಧ್ಯಾಹ್ನದ ಹೊತ್ತಿಗೆ ಅವರ ಮೊಣಕೈ ನನ್ನ ಪಕ್ಕೆಲುಬಿಗೆ ಚುಚ್ಚುತ್ತಿತ್ತು. "ಗೋಡೆ ಕಡೆ ಅಷ್ಟು ಜಾಗ ಇದೆಯಲ್ಲ ಅತ್ತಿಗೆ, ಇಲ್ಲಾಂದ್ರೆ ಬಂದು ನನ್ನ ತೊಡೆ ಮೇಲೇ ಕೂತ್ಬಿಡಿ" ಅನ್ನುತ್ತಿದ್ದೆ. ಅವರು ಒಮ್ಮೆ ಬೆಚ್ಚಿ, ಹಿಂದಕ್ಕೆ ಸರಿಯಲು ನೋಡಿ, ಪೂರ್ತಿ ಸರಿಯದೆ ನಿಲ್ಲುತ್ತಿದ್ದರು.

ಆರನೇ ವರ್ಷದ ಕೊನೆಗೆ ಅವರಿಗೆ ಎದೆಯಲ್ಲಿ ನೀರು ತುಂಬಿಕೊಂಡಿತು. ಆಸ್ಪತ್ರೆಯಲ್ಲಿ ಹನ್ನೆರಡು ದಿನ. ಹಾಸಿಗೆ ಅಗಲವಾಗಿಯೇ ಇತ್ತು, ಆದರೆ ಅತ್ತಿಗೆ ಅದರ ಒಂದು ಅಂಚಿನಲ್ಲಿ, ಎಡಗಡೆಯ ಅಂಚಿನಲ್ಲಿ, ಬೀಳುವ ಹಾಗೆ ಮಲಗುತ್ತಿದ್ದರು. ನರ್ಸು ಬಂದು ನಡುವೆ ಮಲಗಿಸಿ ಹೋದರೆ ಅರ್ಧ ಗಂಟೆಯಲ್ಲಿ ಮತ್ತೆ ಅಂಚು. "ಯಾರಿಗೆ ಜಾಗ ಬಿಡ್ತಿದ್ದೀರಮ್ಮಾ, ಬೇರೆ ಪೇಷೆಂಟ್ ಬರಲ್ಲ" ಅಂತ ಆಕೆ ತಮಾಷೆ ಮಾಡಿದಳು.

ಹನ್ನೊಂದನೆಯ ದಿನ ಮಧ್ಯಾಹ್ನ ನಾನೊಬ್ಬಳೇ ಇದ್ದೆ. ಅತ್ತಿಗೆ ನನ್ನ ಬೆರಳು ಹಿಡಿದುಕೊಂಡರು.

"ಪುಟ್ಟೀ, ಸ್ವಲ್ಪ ಸರ್ಕೋ, ಸ್ವಲ್ಪ ಸರ್ಕೋ ಅಂತಾನೇ ಇದ್ದಾಳೆ. ಎಷ್ಟು ಅಂತ ಸರೀಲಿ ಹೇಳು?"

"ಯಾರು ಅತ್ತಿಗೆ?"

ಅತ್ತಿಗೆ ಇನ್ನಷ್ಟು ಅಂಚಿಗೆ ಸರಿದರು. ನಾನು ಜ್ವರದ ಮಾತು ಅಂದುಕೊಂಡೆ. ಮರುದಿನ ಅವರು ಹೋದರು.

ಒಂದು ತಿಂಗಳ ಮೇಲೆ ಅವರ ಮಗಳು ನಮ್ಮ ಬೆಂಚಿಗೆ ಬಂದಳು. ಅವಳನ್ನು ಅವಳ ಅಮ್ಮ ಕಡ್ಡಿ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಇಪ್ಪತ್ತಮೂರು ವರ್ಷ, ಚಪ್ಪಲಿ ಅಂಗಡಿಯಲ್ಲಿ ಕೆಲಸವಿತ್ತು, ಬಿಟ್ಟಿದ್ದಳು. ಅಮ್ಮ ಹೋದಾಗಿನಿಂದ ಅತ್ತಿರಲಿಲ್ಲ, ಸರಿಯಾಗಿ ಉಂಡಿರಲಿಲ್ಲ. ಅಣ್ಣ ನನ್ನ ಹತ್ತಿರ ಬಂದು, "ನಿನ್ನ ಪಕ್ಕ ಕೂರಿಸ್ಕೋ. ಕೈ ಆಡಿದ್ರೆ ಬಾಯಿ ಬಿಡ್ತಾಳೇನೋ. ನನಗಿನ್ನು ಅವಳೊಬ್ಬಳೇ ಇರೋದು" ಅಂದ. ನನಗೂ ಅವಳೊಬ್ಬಳೇ ಅಂತ ನಾನು ಹೇಳಲಿಲ್ಲ. ಮಕ್ಕಳಿಲ್ಲದ ನನ್ನ ಸೊಂಟದ ಮೇಲೇ ಬೆಳೆದ ಹುಡುಗಿ ಅದು.

ಬಂದವಳೇ ಗೋಡೆಯ ಕಡೆ ಕೂತಳು. ಚೀಲದಿಂದ ಅಮ್ಮನ ಫೋನು ತೆಗೆದು ಮೇಜಿನ ಮೇಲಿಟ್ಟಳು. ಎಡಗಡೆಯ ತುದಿಯನ್ನು ನನ್ನ ಕೈಗೆ ಕೊಟ್ಟಳು. ಅಮ್ಮ ಮನೆಯಲ್ಲಿ ಎಲ್ಲ ಹೇಳಿದ್ದರಂತೆ, ಯಾವ ಕಿವಿ ಯಾರದು ಅಂತ.

ಹಾಡು ಶುರುವಾಯಿತು. ನನ್ನ ಕಡೆ ಎಂದಿನಂತೆ ದೋಣಿ, ನೆಗಡಿ. ನಾನು ಕಣ್ಣೊರೆಸಿಕೊಂಡೆ. ಕಡ್ಡಿ ತುದಿಯನ್ನು ಕಿವಿಯಿಂದ ತೆಗೆದು ಊದಿ, ಮತ್ತೆ ಹಾಕಿಕೊಂಡಳು.

"ಅತ್ತೆ, ನನ್ನ ಕಡೆ ಏನೂ ಬರ್ತಿಲ್ಲ."

"ತಂತಿ ಹೋಗಿರುತ್ತೆ." ನನ್ನ ಸಂಚಿಯಲ್ಲಿದ್ದ ಹೊಸ ತಂತಿ ಕೊಟ್ಟೆ. ಅದರಲ್ಲೂ ಇಲ್ಲ.

ಊಟದ ಬಿಡುವಿನಲ್ಲಿ ನಾನೇ ಫೋನನ್ನು ರಿಪೇರಿಯವನ ಹತ್ತಿರ ಒಯ್ದೆ. ಅವನು ಹಿಂಬದಿ ಬಿಚ್ಚಿ, ಒಂಟಿಕಣ್ಣಿನ ಗಾಜು ಸಿಕ್ಕಿಸಿಕೊಂಡು ನೋಡಿ ನಕ್ಕ.

"ಇಯರ್‌ಫೋನ್ ಸಿಕ್ಕಿಸೋ ತೂತಿನ ಬಲಗಡೆ ಕಾಲಿಗೆ ಬೆಸುಗೇನೇ ಹಾಕಿಲ್ಲಮ್ಮಾ. ಹುಟ್ಟಿದಾಗಿಂದ ಹಿಂಗೇ."

"ಅಂದ್ರೆ?"

"ಅಂದ್ರೆ ಈ ಫೋನಲ್ಲಿ ಬಲಗಡೆ ಯಾವತ್ತೂ ಹಾಡು ಬಂದಿಲ್ಲ. ಎಷ್ಟು ತಂತಿ ಬದಲಾಯಿಸಿದ್ರೂ ಬರಲ್ಲ. ನೋಡಿ, ಇಲ್ಲಿ ತವರ ಸೋಕಿದ ಗುರುತೇ ಇಲ್ಲ. ಈಗ ಹಾಕೋಣ ಅಂದ್ರೆ ಆ ಕಾಲು ಮುಟ್ಟಿದ್ರೆ ಪುಡಿ ಆಗ್ತಿದೆ."

ನಾನು ಅವನ ಸ್ಟೂಲಿನ ಮೇಲೆ ಕೂತುಬಿಟ್ಟೆ. ಆರು ವರ್ಷ. ಹಾಡಿನ ಜೊತೆ ತಾಳ ತಪ್ಪದೆ ಗುನುಗುತ್ತಿದ್ದವರು. ಹಾಡು ಮುಗಿದ ಕ್ಷಣಕ್ಕೇ ಸೂಜಿ ನಿಲ್ಲಿಸುತ್ತಿದ್ದವರು. ನನ್ನ ಕಾಲ್ಬೆರಳು ಕುಣಿಯುವುದನ್ನು ನೋಡಿ ಗುನುಗುತ್ತಿದ್ದರು ಅಂತಲೇ ಇಟ್ಟುಕೊಳ್ಳೋಣ. ಆದರೆ ಬರೀ ಮೌನವನ್ನು ಕಿವಿಗೆ ಸಿಕ್ಕಿಸಿಕೊಂಡು ಇಷ್ಟು ದಿನ ಯಾಕೆ ಕೂತರು? ನನ್ನ ಮೇಲಿನ ಮಮತೆಗೆ, ಮಾತಿಗೊಂದು ನೆಪಕ್ಕೆ, ಸುಮ್ಮನೆ ಕಟ್ಟಿ ಹೇಳಿದರು ಅಂತ ಅಂದುಕೊಂಡೆ. ಆಗ ನನಗೆ ಭಯವಾಗಲಿಲ್ಲ. ದುಃಖವಾಯಿತು.

ಆ ದುಃಖದಲ್ಲೇ ತಪ್ಪು ಮಾಡಿದ್ದು. ನಿಮ್ಮಮ್ಮ ಆರು ವರ್ಷ ಏನೂ ಕೇಳಿರಲಿಲ್ಲ, ಎಲ್ಲ ಸುಳ್ಳು ಅಂತ ಆ ಹುಡುಗಿಗೆ ಯಾವ ಬಾಯಲ್ಲಿ ಹೇಳಲಿ? ವಾಪಸು ಬಂದು, "ತಂತಿ ಸಡಿಲ ಅಂತೆ ಕಣೇ. ಒಂದೊಂದ್ಸಲ ಬರುತ್ತೆ, ಒಂದೊಂದ್ಸಲ ಬರಲ್ಲ" ಅಂದೆ.

"ಹಾಗಾದ್ರೆ ಕಾಯ್ತೀನಿ" ಅಂದಳು ಕಡ್ಡಿ.

ಕಾದಳು. ಮೂರು ದಿನ ಆ ತುದಿಯನ್ನು ಕಿವಿಯಲ್ಲಿಟ್ಟುಕೊಂಡು, ತಲೆ ಒಂದಿಷ್ಟು ವಾಲಿಸಿ, ಫಾರಂ ಮೇಲೆ ಫಾರಂ ಹೊಲಿದಳು. ಹಾಡು ಮುಗಿದಾಗ ನಾನು ನನ್ನ ಕಡೆಯದನ್ನೆಲ್ಲ ಹೇಳುತ್ತಿದ್ದೆ, ಅವಳು ಕೇಳುತ್ತಿದ್ದಳು. ಅವಳ ಮುಖಕ್ಕೆ ಸ್ವಲ್ಪ ಬಣ್ಣ ಬಂದಿತ್ತು. ಬ್ಲೇಡಣ್ಣ ಕೂಡ, "ಕಡ್ಡಿಗೆ ಜೀವ ಬಂತು" ಅಂದರು.

ನಾಲ್ಕನೆಯ ದಿನ ಬೆಳಗ್ಗೆ ಹತ್ತೂವರೆ ಇರಬಹುದು. ಕಿಟಕಿಯಿಂದ ಬಿಸಿಲು ಬಂದು ಮೇಜಿನ ಮೇಲೆ ಬಿದ್ದಿತ್ತು. ಎರಡನೆಯ ಹಾಡು ಮುಗಿಯುತ್ತಿದ್ದಂತೆ ಕಡ್ಡಿ ಸೂಜಿ ನಿಲ್ಲಿಸಿದಳು.

"ಅತ್ತೆ, ಬಂತು."

"ಏನು ಬಂತು?"

"ಹಾಡಲ್ಲ. ಎಲ್ಲೋ ದೂರದಲ್ಲಿ ಬಾಗಿಲು ತೆಗೆದ ಹಾಗೆ. ಕಿರ್ರ್ ಅಂತು."

ನನ್ನ ಸೂಜಿ ಬೆರಳಿಗೆ ಹೋಯಿತು. ಹಾಳೆಯ ಅಂಚಿಗೆ ರಕ್ತ ತಾಗಿ ಒಂದು ಫಾರಂ ಹಾಳಾಯಿತು.

ಅತ್ತಿಗೆ ಬಾಗಿಲಿನ ವಿಷಯ ಇವಳಿಗೆ ಹೇಳಿದ್ದರೇನೋ ಅಂತ ಕೇಳಿದೆ. "ಇಲ್ವಲ್ಲ. ನನಗೆ ಬರೀ ಕೊಳಲು ಅಂತ ಹೇಳ್ತಿದ್ಲು" ಅಂದಳು.

ನಾನೆದ್ದು ಬ್ಲೇಡಣ್ಣನ ಹತ್ತಿರ ಹೋದೆ. ಅವರ ಹತ್ತಿರ ಒಂದು ಡಬ್ಬಿ ಸ್ಪೀಕರು ಇತ್ತು. "ಬ್ಲೇಡಣ್ಣ, ಆ ದೋಣಿ ಹಾಡಲ್ಲಿ ಕೊಳಲು ಎಲ್ಲಿ ಬರುತ್ತೆ?"

"ದೋಣಿ ಹಾಡಲ್ಲಿ ಕೊಳಲಾ? ಯಾರು ಹೇಳಿದ್ದು?" ಯಂತ್ರ ನಿಲ್ಲಿಸಿ ಅಲ್ಲೇ ಹಾಕಿದರು. ಪೂರ್ತಿ ಕೇಳಿದೆವು. ಕೊಳಲಿರಲಿಲ್ಲ. ಇನ್ನೊಂದು ಹಾಕಿಸಿದೆ, ಮತ್ತೊಂದು ಹಾಕಿಸಿದೆ. ಅತ್ತಿಗೆ ಕೊಳಲು ಬಂತು ಅಂದಿದ್ದ ಏಳು ಹಾಡಲ್ಲಿ ಒಂದರಲ್ಲೂ ಇರಲಿಲ್ಲ. "ನಿಮ್ಮತ್ತಿಗೆ ಕಿವಿ ಒಳಗೇ ಒಬ್ಬ ಕೊಳಲಿನವನು ಇದ್ದ ಅನ್ಸುತ್ತೆ" ಅಂದರು ಬ್ಲೇಡಣ್ಣ. ಆಮೇಲೆ ನನ್ನ ಮುಖ ನೋಡಿ ಸ್ಪೀಕರು ಆರಿಸಿದರು.

ಆಗ ನನಗೆ ಒಂದೊಂದಾಗಿ ಕೂಡಿಬಂತು. ಬಾಗಿಲು, ಚಪ್ಪಲಿ, ಕುರ್ಚಿ, ಗಂಟಲು: ಆರು ವರ್ಷದಲ್ಲಿ ನೂರಾರು ಹಾಡು, ಬೇರೆ ಬೇರೆ ಹಾಡುಗಾರರು, ಆದರೆ ಕೋಣೆ ಒಂದೇ. ಬಂದವಳೂ ಒಬ್ಬಳೇ. ತಮಾಷೆ ಅನ್ನಿಸಿದವರೆಗೆ ಅತ್ತಿಗೆ ಹೇಳಿದರು. ತಮಾಷೆಯಲ್ಲ ಅಂತ ತಿಳಿದ ದಿನ ನನ್ನ ಕೈಗೆ ಹೊಡೆದು, ಅಲ್ಲಿಂದ ಕೊಳಲು ಊದಿಸಿದರು.

ಸಂಜೆ ಬಾಗಿಲು ಹಾಕುವ ಹೊತ್ತಿಗೆ ಕಡ್ಡಿಗೆ, "ನಾಳೆಯಿಂದ ಹಾಡು ಬೇಡ, ಯಜಮಾನರು ಬೈತಾರೆ" ಅಂದೆ.

"ಯಜಮಾನರೇ ಅಲ್ವಾ ಅತ್ತೆ ಬೆಳಗ್ಗೆ ಯಾವ ಹಾಡು ಅಂತ ಕೇಳಿದ್ದು?"

"ಹಂಗಾದ್ರೆ ಆ ಫೋನು ಬೇಡ. ಹಳೇದು. ಹೊಸದು ತಗೊಳೋಣ."

ಅವಳು ಫೋನನ್ನು ಎದೆಗೆ ಒತ್ತಿಕೊಂಡಳು. "ಅಮ್ಮ ಕೇಳ್ತಿದ್ದದ್ದು ಈ ಕಿವೀಲಿ. ನಿಮಗೆ ಬೇಡಾಂದ್ರೆ ಬಿಡಿ, ನಾನು ಮನೇಲಿ ಒಬ್ಳೇ ಕೇಳ್ಕೋತೀನಿ." ಆಮೇಲೆ ಅಂದಳು, "ಇವತ್ತು ಬೆಳಗ್ಗೆ ನೀವು ಬ್ಲೇಡಣ್ಣನ ಹತ್ರ ಹೋದಾಗ ನಡ್ಕೊಂಡು ಬಂದ ಸದ್ದೂ ಕೇಳಿಸ್ತು. ಚಪ್ಪಲಿ ಒದ್ದೆ ಇತ್ತು. ಅಮ್ಮ ಇರ್ಬಹುದಾ ಅತ್ತೆ?"

ಅತ್ತಿಗೆಗೆ ಬಾಗಿಲಿಂದ ಚಪ್ಪಲಿಗೆ ಬರಲು ತಿಂಗಳುಗಳು ಬೇಕಾಗಿದ್ದವು. ಇವಳಿಗೆ ಒಂದೇ ದಿನ. ಈ ಸಲ ಆ ಒದ್ದೆ ಚಪ್ಪಲಿಯವಳಿಗೆ ದಾರಿ ಗೊತ್ತಿತ್ತು.

ಅಳದೆ ಇದ್ದ ಹುಡುಗಿ ಅವತ್ತು ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ಫೋನು ಕಿತ್ತುಕೊಂಡರೆ ಇವಳು ಮತ್ತೆ ಕಲ್ಲಾಗುತ್ತಾಳೆ. ಬಿಟ್ಟರೆ ಒಬ್ಬಳೇ ಕೂತು ಕೇಳುತ್ತಾಳೆ. ನಾನು ಅವಳ ಬೆನ್ನು ಸವರುತ್ತಾ ಲೆಕ್ಕ ಹಾಕಿದೆ. ಬಹಳ ಹೊತ್ತೇನೂ ಹಿಡಿಯಲಿಲ್ಲ.

ಮರುದಿನ ನಾನು ಅರ್ಧ ಗಂಟೆ ಮುಂಚೆ ಹೋಗಿ ಗೋಡೆಯ ಕಡೆ ಕೂತೆ.

"ಅತ್ತೆ, ಅದು ನನ್ನ ಜಾಗ."

"ನನ್ನ ಬೆನ್ನಿಗೆ ಗೋಡೆ ಬೇಕು ಕಣೇ. ನಿನ್ನ ವಯಸ್ಸಿಗೆ ಏನಾಗುತ್ತೆ, ಈಚೆ ಕೂತ್ಕೋ."

"ಹಾಗಾದ್ರೆ ಬಲಗಿವಿ?"

"ಅದೂ ನಂದೇ. ನನ್ನ ಎಡಗಿವಿ ಗುಂಯ್ ಅಂತಿದೆ ಎರಡು ದಿನದಿಂದ. ನೀನು ಹಾಡು ಕೇಳಿ ನನಗೆ ಹೇಳು, ನನ್ನ ಕಡೆ ಬಂದದ್ದನ್ನ ನಾನು ನಿನಗೆ ಹೇಳ್ತೀನಿ. ಅಮ್ಮಂದೇನಾದ್ರೂ ಬಂದ್ರೆ ಬಚ್ಚಿಡ್ತೀನಾ? ಆದ್ರೆ ಒಂದು ಮಾತು. ಫೋನು ಈ ಬೆಂಚಿನ ಮೇಲೆ ಮಾತ್ರ. ಸಂಜೆ ನನ್ನ ಸಂಚೀಲಿ."

ಮುಖ ಸಣ್ಣದು ಮಾಡಿಕೊಂಡಳು, ಆದರೆ ಒಪ್ಪಿದಳು. ದೊಡ್ಡವರ ಮಾತು ಮೀರಿ ಗೊತ್ತಿಲ್ಲದ ಹುಡುಗಿ.

ನಾನು ಆ ತುದಿಯನ್ನು ಕಿವಿಗೆ ಇಟ್ಟುಕೊಂಡೆ. ಮೊದಲು ಏನೂ ಇರಲಿಲ್ಲ. ಬಾವಿಯ ಮೇಲೆ ಬಗ್ಗಿದಾಗ ಇರುವಂಥ ಏನೂ ಇಲ್ಲದಿರುವಿಕೆ. ಆಮೇಲೆ ಬಾಗಿಲು. ಅದಕ್ಕೆ ಯಾರೂ ಎಣ್ಣೆ ಹಾಕಿರಲಿಲ್ಲ. ಅದು ತೆರೆಯಿತು, ಚಪ್ ಚಪ್ ಅಂತ ಒದ್ದೆ ಚಪ್ಪಲಿ ಬಂತು, ನನ್ನ ಮುಂದೆ ಎಲ್ಲೋ ನಿಂತಿತು. ಬೇರೆಯವರಿಗಾಗಿ ಬಂದು ನನ್ನನ್ನು ಕಂಡವರು ನಿಂತ ಹಾಗೆ. ಕುರ್ಚಿ ಎಳೆದರು. ಗಂಟಲು ಸರಿ ಮಾಡಿಕೊಂಡರು. ಅತ್ತಿಗೆಯ ಗಂಟಲಲ್ಲ.

ಕಿತ್ತು ಎಸೆಯೋಣ ಅನ್ನಿಸಿತು. ಆಗ, ಅದೆಲ್ಲದರ ಹಿಂದೆ, ಆ ಕೋಣೆಯ ಯಾವುದೋ ಮೂಲೆಯಲ್ಲಿ, ಮೇಣದ ದಾರ ಎಳೆದ ಸದ್ದು. ಸುರ್ರ್, ಸುರ್ರ್, ಟಕ್. ಸುರ್ರ್, ಸುರ್ರ್, ಟಕ್. ತಲೆಯೆತ್ತದೆ, ಯಾರನ್ನೂ ಕರೆಯದೆ, ಹೊಲಿಯುತ್ತಲೇ ಇದ್ದರು.

ನಾನು ಎಸೆಯಲಿಲ್ಲ.

ಹಾಡು ಮುಗಿದಿತ್ತು ಅಂತ ಕಾಣುತ್ತದೆ. ಕಡ್ಡಿ ನನ್ನ ತೋಳು ಮುಟ್ಟಿದಳು. ತನ್ನ ಕಡೆಯದನ್ನು ಒಂದೇ ಉಸಿರಿಗೆ ಹೇಳಿದಳು, ತಬಲ ಎಲ್ಲಿ ನಿಂತಿತು, ಗಿಟಾರು ಎಲ್ಲಿ ಬಂತು, ಹಾಡುಗಾರನಿಗೆ ನಿಜಕ್ಕೂ ಎಷ್ಟು ನೆಗಡಿ ಅಂತ. ನಗುತ್ತಿದ್ದಳು. ಕೊನೆಗೆ, ಥೇಟ್ ಅವಳ ಅಮ್ಮನ ದನಿಯಲ್ಲಿ ಕೇಳಿದಳು.

"ಅತ್ತೆ, ನಿಮ್ಮ ಕಡೆ ಏನು ಬಂತು?"

"ಕೊಳಲು ಬಂತು ಕಣೇ" ಅಂದೆ. "ಚೆನ್ನಾಗಿತ್ತು."

"ಅಷ್ಟೇನಾ?"

"ಅಷ್ಟೇ."

ಅವಳು ಮುಂದಿನ ಹಾಡಿಗೆ ಗುಂಡಿ ಒತ್ತಿ, ಫಾರಂ ಕೈಗೆತ್ತಿಕೊಂಡು, ಮೊಣಕೈಯಿಂದ ನನ್ನ ಪಕ್ಕೆಗೆ ಮೆಲ್ಲಗೆ ತಿವಿದಳು.

"ಸ್ವಲ್ಪ ಆ ಕಡೆ ಹೋಗಿ ಅತ್ತೆ, ನನ್ನ ಮೇಲೇ ಬೀಳ್ತಿದ್ದೀರಲ್ಲ. ಗೋಡೆ ಕಡೆ ಇನ್ನೂ ಒಬ್ರು ಕೂರೋವಷ್ಟು ಜಾಗ ಇದೆ."